ಅಕ್ಕನಿಗಾಗಿ ಆರಿಸಿದ ಹಿಮದ ಪುಸ್ತಕಗಳು

ನಮ್ಮ ಪಡಸಾಲೆಯ ದಿವಾನದ ಕೆಳಗೆ ಮಕ್ಕಳ ಏಳು ಪುಸ್ತಕಗಳಿವೆ. ಮನೆಯಲ್ಲಿ ಮಕ್ಕಳಿಲ್ಲ. ಇರುವ ಒಬ್ಬಳೇ ಮಗಳು ನೇತ್ರಾ ಈ ಜೂನಿನಿಂದ ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ. ಅವಳೂ ಚಿತ್ರದ ಪುಸ್ತಕ ನೋಡುವ ವಯಸ್ಸಿನವಳಲ್ಲ. ಮೊನ್ನೆ ಇರುವೆ ಎದ್ದಿವೆ ಎಂದು ಹೆಂಡತಿ ಶೈಲಾ ದಿವಾನ ಸರಿಸಿದಳು. ಪುಸ್ತಕಗಳು ಹೊರಗೆ ಬಂದವು. ಅದೇ ಹೊತ್ತಿಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದ ನಮ್ಮ ಓಣಿಯ ಅಂಗನವಾಡಿ ಟೀಚರು ಒಂದನ್ನು ಎತ್ತಿಕೊಂಡು ಪುಟ ತಿರುವಿ, “ಅಯ್ಯ, ಎಷ್ಟ್ ಚಂದ ಅದಾವ್ರಿ ಸರ! ಮನ್ಯಾಗ ಸಣ್ಣವ್ರಿಲ್ಲ, ನಮ್ಮ ಹುಡುಗೂರಿಗೆ ಕೊಡ್ರಲ್ಲ” ಎಂದರು.

ನಾನು “ನೋಡೂಣ್ರಿ” ಎಂದೆ. ಶಿಗ್ಗಾಂವಿಯಲ್ಲಿ ‘ನೋಡೂಣ್ರಿ’ ಎಂದರೆ ‘ಇಲ್ಲ’ ಎಂದೇ ಅರ್ಥ. ಟೀಚರು ಮಜ್ಜಿಗೆ ತೆಗೆದುಕೊಂಡು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, “ಆದ್ರ ಇದೇನ್ರಿ, ಚಿತ್ರದ ಕೆಳಗೆ ಎಲ್ಲಾ ಕಡೆ ಬಿಳಿ ಕಾಗದ ಹಚ್ಚೀರಲ್ಲ?” ಎಂದು ಕೇಳಿದರು. ಇರುವೆ ನೋಡುವ ನೆಪ ಮಾಡಿ ನಾನು ದಿವಾನದ ಕೆಳಗೆ ಬಗ್ಗಿದೆ. ನಿಮಗಾದರೂ ಹೇಳಿಬಿಡುತ್ತೇನೆ.

ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ಗಂಗಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮೂವತ್ತು ಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದಳು. ಅದರಲ್ಲಿ ಅರ್ಧ ಹಿರೇಕೆರೂರ ತಾಲೂಕಿನ ಹಳ್ಳಿಗಳಲ್ಲಿ, ಉಳಿದರ್ಧ ಸವಣೂರಿನಲ್ಲಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ನಿವೃತ್ತಳಾದ ಮೇಲೂ ಸವಣೂರಿನ ಬಾಡಿಗೆ ಮನೆ ಬಿಡಲಿಲ್ಲ. “ನಿಮ್ಮ ಶಿಗ್ಗಾಂವಿಯೊಳಗ ಲಾರಿ ಸಪ್ಪಳ ಬಿಟ್ರ ಏನೈತಿ? ಇಲ್ಲಿ ಎಲಿ ಛಲೋ ಸಿಗತಾವ, ಖಾರ ಛಲೋ ಸಿಗತೈತಿ, ಮಾತಾಡಾಕ ಮಂದಿ ಸಿಗತಾರ” ಎನ್ನುತ್ತಿದ್ದಳು. ಮಾತಾಡಲು ಮಂದಿ ಸಿಗುತ್ತಾರೆ ಎನ್ನುವುದಕ್ಕಿಂತ, ತಿದ್ದಲು ಮಂದಿ ಸಿಗುತ್ತಾರೆ ಎನ್ನಬೇಕಿತ್ತು. ವೀಳ್ಯದೆಲೆ ಮಾರುವವನ ‘ಹ’ಕಾರ, ಬಸ್ಸಿನ ಬೋರ್ಡಿನ ಒತ್ತಕ್ಷರ, ಲಗ್ನಪತ್ರಿಕೆಯ ವಿಭಕ್ತಿ ಪ್ರತ್ಯಯ, ಒಂದನ್ನೂ ಬಿಡುತ್ತಿರಲಿಲ್ಲ. ನನ್ನ ಮದುವೆಯ ಕರೆಯೋಲೆಯನ್ನು ಎರಡು ಸಲ ಅಚ್ಚು ಹಾಕಿಸಿದ್ದು ಅವಳೇ. ಮೊದಲನೆಯದರಲ್ಲಿ ‘ಆಶೀರ್ವಾದ’ಕ್ಕೆ ದೀರ್ಘ ಬಿಟ್ಟುಹೋಗಿತ್ತು. “ಗಿಡ್ಡ ಆಶಿರ್ವಾದ ತಗೊಂಡು ಏನ್ ಮಾಡ್ತಿ?” ಎಂದಿದ್ದಳು.

ಅವಳಿಗೆ ನನ್ನನ್ನು ತಿದ್ದುವ ಹಕ್ಕು ಹುಟ್ಟಿನಿಂದ ಬಂದದ್ದು. ನನಗೆ ಮಾತು ಬಂದದ್ದು ತಡ. ನಾಲ್ಕು ತುಂಬಿದರೂ ‘ಅವ್ವ’ ಎಂದಿರಲಿಲ್ಲವಂತೆ. ಆಗ ನಾವು ಹಾನಗಲ್ಲ ಹತ್ತಿರದ ಹಳ್ಳಿಯಲ್ಲಿದ್ದೆವು. ಅವ್ವ ಹರಕೆ ಹೊತ್ತಳು, ಅಜ್ಜಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು, ಅಪ್ಪ ‘ಮಾತು ಬರದಿದ್ರ ಬ್ಯಾಡ, ಒಕ್ಕಲುತನಕ್ಕ ಮಾತು ಯಾಕ ಬೇಕು’ ಎಂದು ಬಿಟ್ಟ. ಬಿಡದವಳು ಹನ್ನೆರಡು ವರ್ಷದ ಅಕ್ಕ. ಊರಿನ ಬೀಡಿ ಅಂಗಡಿಯ ಮುಂದೆ ಬಿದ್ದ ಕಡ್ಡಿಪೆಟ್ಟಿಗೆಗಳನ್ನೆಲ್ಲ ಆಯ್ದು ತಂದು, ಅವುಗಳ ಮೇಲಿನ ಚಿತ್ರ ಕಿತ್ತು, ಗಂಜಿಯಿಂದ ಹಳೆಯ ನೋಟುಬುಕ್ಕಿಗೆ ಅಂಟಿಸಿದಳು. ಆನೆ, ಕಮಲ, ಬಂಡಿ, ಚಾಕು, ಹುಲಿ. ಸಂಜೆ ಕಟ್ಟೆಯ ಮೇಲೆ ಕೂಡಿಸಿಕೊಂಡು, “ಇದೇನು?” ಎಂದು ಕೇಳುವುದು, ನಾನು ಸುಮ್ಮನಿದ್ದರೆ ತೊಡೆ ಚಿವುಟುವುದು. ನಾನು ಬಾಯಿ ಬಿಟ್ಟು ಆಡಿದ ಮೊದಲ ಮಾತು ‘ಹುಲಿ’. ಆದರೆ ಅದನ್ನು ಹೇಳುವಾಗ ನಾನು ಚಿತ್ರ ತೋರಿಸಲಿಲ್ಲವಂತೆ, ಅಕ್ಕನನ್ನು ತೋರಿಸಿದೆನಂತೆ. ಈ ಕತೆಯನ್ನು ಅವಳು ನನ್ನ ಹೆಂಡತಿಯ ಮುಂದೆ, ಮಗಳ ಮುಂದೆ, ನಾನು ಗುಮಾಸ್ತನಾಗಿರುವ ಕಾಲೇಜಿನ ಪ್ರಿನ್ಸಿಪಾಲರ ಮುಂದೆ, ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾಳೆ.

ಈಗ ಹೇಳಲಾರಳು.

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಸವಣೂರಿನಿಂದ ಪಕ್ಕದ ಮನೆಯವರ ಫೋನು ಬಂತು. ಅಕ್ಕ ಹಿತ್ತಿಲಲ್ಲಿ ಬಿದ್ದಿದ್ದಳು. ಹುಬ್ಬಳ್ಳಿಗೆ ಒಯ್ದೆವು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಜೀವ ಉಳಿಯಿತು. ಬಲಗೈ, ಬಲಗಾಲು ಅರ್ಧ ಉಳಿದವು. ಮಾತು ಹೋಯಿತು.

ಪೂರಾ ಹೋಗಿದ್ದರೆ ಒಂದು ರೀತಿ. ಒಂದೇ ಒಂದು ಶಬ್ದ ಉಳಿದುಬಿಟ್ಟಿತು: “ಅಂದ್ರ.” ಪಾಠ ಮಾಡುವಾಗ ಪದ್ಯದ ಒಂದೊಂದು ಸಾಲು ಓದಿ, ಕನ್ನಡಕ ಹಣೆಗೇರಿಸಿ, “ಅಂದ್ರ...” ಎಂದು ಅರ್ಥ ಹೇಳಲು ಶುರು ಮಾಡುವುದು ಅವಳ ರೂಢಿ. ಸಾವಿರಾರು ಸಲ ಆಡಿ ಆಡಿ ಆ ಮಾತು ನಾಲಿಗೆಯಲ್ಲಿ ಬೇರು ಬಿಟ್ಟಿತ್ತೇನೋ, ಉಳಿದದ್ದೆಲ್ಲ ಕಿತ್ತುಹೋದರೂ ಅದು ಹೋಗಲಿಲ್ಲ. ನೀರು ಬೇಕಾದರೆ “ಅಂದ್ರ”. ನೋವಾದರೆ “ಅಂದ್ರ”. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ನನ್ನನ್ನು ಕಂಡಾಗ, ಎಡಗೈಯಿಂದ ನನ್ನ ಅಂಗಿಯ ಗುಂಡಿ ಹಿಡಿದು, “ಅಂದ್ರ... ಅಂದ್ರ... ಅಂದ್ರ...” ಎಂದಳು. ಅರ್ಥ ಮಾತ್ರ ಬರಲಿಲ್ಲ.

ಮಾತು ಕಲಿಸುವ ತಜ್ಞೆಯೊಬ್ಬರು ಅಲ್ಲಿ ಇದ್ದರು. ಚಿಕ್ಕ ವಯಸ್ಸಿನ ಶಾಂತ ಹೆಣ್ಣುಮಗಳು. “ಅವ್ರಿಗೆ ಎಲ್ಲಾ ತಿಳೀತೈತ್ರಿ” ಎಂದು ಮೊದಲೇ ಹೇಳಿದರು. “ನೀವು ಆಡಿದ್ದು ತಿಳೀತೈತಿ, ವಸ್ತು ಏನಂತ ಗೊತ್ತೈತಿ, ಹೆಸರು ಹೊರಗ ಬರವಲ್ದು ಅಷ್ಟ. ದಿನಾ ಎರಡು ಸಲ ಕೂಡಿಸಿ ಹೇಳಿಸ್ರಿ. ಸಣ್ಣ ಹುಡುಗೂರ ಚಿತ್ರದ ಪುಸ್ತಕ ತಗೊಳ್ರಿ, ಒಂದು ಪುಟಕ್ಕ ಒಂದ ಚಿತ್ರ ಇರೂವಂಥಾದ್ದು. ಮೊದಲಿನ ತಿಂಗಳುಗಳು ಭಾಳ ಮುಖ್ಯ ಅದಾವ್ರಿ. ಕಳಕೋಬ್ಯಾಡ್ರಿ.”

ಅಕ್ಕನನ್ನು ಶಿಗ್ಗಾಂವಿಯ ನಮ್ಮ ಮನೆಗೆ ಕರೆತಂದೆವು. ಪಡಸಾಲೆಯ ದಿವಾನ ಅವಳದಾಯಿತು. ನಾನು ಹುಬ್ಬಳ್ಳಿಯ ಒಂದು ಪುಸ್ತಕದ ಅಂಗಡಿಗೆ ಹೋದೆ. ಅಂಗಡಿಯವರು, “ಮಗೂನ ವಯಸ್ಸೆಷ್ಟ್ರಿ?” ಎಂದರು.

“ಅರವತ್ತೆರಡು” ಎಂದೆ.

ಅವರು ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿ, ಒಳ್ಳೆಯ ದಪ್ಪ ರಟ್ಟಿನ ಎರಡು ಪುಸ್ತಕ ತೆಗೆದುಕೊಟ್ಟರು. ಒಂದರಲ್ಲಿ ಪ್ರಾಣಿಗಳು, ಇನ್ನೊಂದರಲ್ಲಿ ಕಾಯಿಪಲ್ಲೆ, ಪಾತ್ರೆ ಪಡಗ.

ಮರುದಿನ ಬೆಳಿಗ್ಗೆ ಅಕ್ಕನ ಮುಂದೆ ಕಾಯಿಪಲ್ಲೆಯ ಪುಸ್ತಕ ಬಿಡಿಸಿದೆ. ಮೊದಲನೆಯದೇ ಬದನೆಕಾಯಿ. “ಇದೇನು, ಅಕ್ಕಾ?” ಎಂದೆ. ಅಕ್ಕ ಚಿತ್ರವನ್ನು ನೋಡಿದಳು. ಗೊತ್ತಾಯಿತು, ಕಣ್ಣಿನಲ್ಲಿ ಕಾಣುತ್ತಿತ್ತು. ಎಣ್ಣೆಗಾಯಿ ಮಾಡಲು ಯಾವ ಬದನೆ, ಚಟ್ನಿಗೆ ಯಾವ ಬದನೆ ಎಂದು ಅರ್ಧ ತಾಸು ಭಾಷಣ ಮಾಡಬಲ್ಲವಳು ಅವಳು. ತುಟಿ ಕೂಡಿಸಿದಳು, ಬಿಡಿಸಿದಳು. ಕತ್ತಿನ ನರ ಉಬ್ಬಿತು. “ಅಂದ್ರ...” ಎಂದಳು. ತಲೆ ಅಲ್ಲಾಡಿಸಿ ಅದನ್ನು ಒರೆಸಿಹಾಕಿ ಮತ್ತೆ ಯತ್ನಿಸಿದಳು. “ಅಂದ್ರ... ಅಂದ್ರ...” ಬಾಯಿಯ ಬಲಮೂಲೆಯಿಂದ ಜೊಲ್ಲು ಇಳಿಯಿತು. ಕಣ್ಣು ತುಂಬಿದವು.

ಒಂದು ತಿಂಗಳು ಹೀಗೆ ನಡೆಯಿತು. ಬದನೆಕಾಯಿ, ಚರಿಗೆ, ಆಕಳು, ಬೆಕ್ಕು. ನಾನು ಗಡಿಯಾರ ನೋಡಿಕೊಂಡೇ ಕೂಡುತ್ತಿದ್ದೆ, ಅರ್ಧ ತಾಸು ಮುಗಿಯಲಿ ಎಂದು. ಒಂದು ದಿನ ಅಕ್ಕನ ಹಳೆಯ ವಿದ್ಯಾರ್ಥಿಯೊಬ್ಬ ಸವಣೂರಿನಿಂದ ಕುರುಕಲು ಖಾರದ ಪೊಟ್ಟಣ ಹಿಡಿದುಕೊಂಡು ನೋಡಲು ಬಂದ. ಕಾಲುಮುಟ್ಟಿ ನಮಸ್ಕಾರ ಮಾಡಿ ಎದ್ದಾಗ ಅವನ ಕಣ್ಣು ಅಕ್ಕನ ತೊಡೆಯ ಮೇಲಿದ್ದ ಪುಸ್ತಕಕ್ಕೆ ಬಿತ್ತು. ಪುಟದ ತುಂಬ ಒಂದು ಆಕಳು. ಅವನು ನೋಡಿಯೂ ನೋಡದವನಂತೆ ಗೋಡೆಯತ್ತ ತಿರುಗಿದ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಪುಸ್ತಕ ಕಸಿದು ದಿಂಬಿನ ಕೆಳಗೆ ಇಟ್ಟೆ. ಅವನು ಹೋದ ಮೇಲೂ ತೆಗೆಯಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಅಂಗಡಿಯವರಿಗೆ ನನ್ನ ಗುರುತು ಇತ್ತು. “ಬ್ಯಾರೆ ನಮೂನಿ ಪುಸ್ತಕ ಬೇಕ್ರಿ” ಎಂದೆ. ಎಂಥದು ಎಂದು ಹೇಳಲು ನನಗೇ ಬರಲಿಲ್ಲ. ಅವರು ಮೂಲೆಯ ರಟ್ಟಿನ ಡಬ್ಬಿ ತೋರಿಸಿ, “ಇವನ್ನ ನೋಡ್ರಿ. ಯಾವುದೋ ಶಾಲಿಯವ್ರು ತರಿಸಿ ಬ್ಯಾಡಂದ್ರು. ಕೊರಿಯಾ ದೇಶದವು. ಹಬ್ಬ-ಹುಣ್ಣಿಮಿ, ಬಟ್ಟಿ-ಬರಿ, ಹಿಮದ ಮ್ಯಾಲಿನ ಆಟ. ನಮ್ಮ ಕಡೆ ಹಿಮ ಎಲ್ಲೈತ್ರಿ, ಯಾರು ಒಯ್ತಾರ?” ಎಂದರು.

ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ತೆಗೆದೆ. ಒಂದು ಪುಸ್ತಕದಲ್ಲಿ ಹಿಮದಲ್ಲಿ ಕುತ್ತಿಗೆಯವರೆಗೆ ಹುಗಿದ ಸಾಲು ಸಾಲು ದೊಡ್ಡ ಕಪ್ಪು ಗಡಿಗೆಗಳು. ಒಬ್ಬ ಮುದುಕಿ ಮುಚ್ಚಳ ತೆಗೆದು ಏನನ್ನೋ ತೆಗೆಯುತ್ತಿದ್ದಾಳೆ, ಅದರಿಂದ ಕೆಂಪು ಬಣ್ಣ ಸುರಿಯುತ್ತಿದೆ. ಇನ್ನೊಂದರಲ್ಲಿ ಮಕ್ಕಳು ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಆಕಾಶಕ್ಕೆ ಹಾರುತ್ತಿದ್ದಾರೆ. ಮತ್ತೊಂದರಲ್ಲಿ ಬೂಟಿನ ಕೆಳಗೆ ಕತ್ತಿಯಂಥದು ಇರುವ ಹುಡುಗಿ ಗಾಜಿನಂಥ ನೆಲದ ಮೇಲೆ ಬಾಗಿ ಓಡುತ್ತಿದ್ದಾಳೆ. ಇವಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಾರದು. ಅಕ್ಕನ ಮಾತು ಸರಿಯಿದ್ದಾಗಲೂ ಅವಳಿಗೆ ಇವುಗಳ ಹೆಸರು ಗೊತ್ತಿರಲಿಲ್ಲ! ಹಾಗಾದರೆ ಇವುಗಳ ಮುಂದೆ ಅವಳು ಸೋಲುವ ಪ್ರಶ್ನೆಯೇ ಇಲ್ಲ. ಇಡೀ ಮನೆಯೇ ಮೂಕ.

ಅದೇ ಅಳತೆಯಿಂದ ಆರಿಸತೊಡಗಿದೆ. ನನಗೆ ಹೆಸರು ಗೊತ್ತಿದ್ದದ್ದೆಲ್ಲ ಬೇಡ. ಗಾಳಿಪಟದ ಪುಸ್ತಕ ಬಹಳ ಚೆಂದವಿತ್ತು. ಗಾಳಿಪಟ ಗೊತ್ತು, ಬೇಡ. ಮುದಿ ಹುಲಿಯೊಂದು ಕೂತು ಉದ್ದನೆಯ ಚಿಲುಮೆ ಸೇದುತ್ತಿದ್ದದ್ದು ನನಗೇ ಬಹಳ ಸೇರಿತು. ಹುಲಿ ಗೊತ್ತು, ಬೇಡ. ಅನ್ನದ ಬಟ್ಟಲು, ಬೇಡ. ಮಕ್ಕಳಿಗೆ ಪುಸ್ತಕ ಆರಿಸುವವರು ಏನಾದರೂ ತಿಳಿಯಲಿ ಎಂದು ಆರಿಸುತ್ತಾರೆ. ಯಾರಿಗೂ ಏನೂ ತಿಳಿಯಬಾರದು ಎಂದು ಒಂದು ತಾಸು ಕೂತು ಆರಿಸಿದವನು ನಾನೊಬ್ಬನೇ ಇರಬೇಕು. ಐದು ಪುಸ್ತಕ ತಂದೆ. ಮೊದಲಿನ ಎರಡು ಸೇರಿ ಏಳು.

ಒಂದು ತೊಡಕಿತ್ತು. ಪ್ರತಿ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಹೆಸರು, ಎರಡೆರಡು ಸಾಲು ವಿವರ ಇದ್ದವು. ಅಕ್ಕ ಓದಬಲ್ಲಳೋ ಇಲ್ಲವೋ ಆಗ ತಿಳಿದಿರಲಿಲ್ಲ. ಅದಕ್ಕೇ ಕಾಲೇಜಿನಿಂದ ಗೋಂದಿನ ಬಾಟಲಿ ತಂದು, ಬಿಳಿಕಾಗದ ಪಟ್ಟಿ ಪಟ್ಟಿ ಕತ್ತರಿಸಿ, ಎಲ್ಲ ಹೆಸರುಗಳ ಮೇಲೆ ಅಂಟಿಸಿದೆ. ಶೈಲಾ ರೊಟ್ಟಿ ಬಡಿಯುತ್ತಲೇ ಹೊರಗೆ ಇಣುಕಿ ನೋಡಿದಳು.

“ಡಾಕ್ಟರಬಾಯಿ ಹೆಸರು ಹೇಳಿಸ್ರಿ ಅಂದ್ರು. ನೀವು ಹೆಸರು ಮುಚ್ಚಾಕತ್ತೀರಿ.”

“ಸುಮ್ಕಿರು. ದಿನಾ ಅಕಿನ್ನ ಅಳಸಾಕ ನನ್ನ ಕಡಿಂದ ಆಗಂಗಿಲ್ಲ.”

ಅವಳು ಒಳಗೆ ಹೋದಳು. ಶೈಲಾ ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಹಿಮದ ಪುಸ್ತಕಗಳು ಮನೆಯ ಗಾಳಿಯನ್ನೇ ಬದಲಿಸಿದವು. ಸಂಜೆ ಕಾಲೇಜಿನಿಂದ ಬಂದು, ಚಹ ಕುಡಿದು, ಅಕ್ಕನ ಪಕ್ಕದಲ್ಲಿ ಕೂತು ಪುಟ ತೆಗೆಯುತ್ತಿದ್ದೆ. ‘ಇದೇನು?’ ಎಂದು ಕೇಳುವಂತಿಲ್ಲ. “ನೋಡಕ್ಕಾ” ಎನ್ನುವುದು ಅಷ್ಟೇ. ಗಡಿಗೆಗಳ ಸಾಲು ನೋಡಿ, “ನಮ್ಮ ಹಗೇವು ಇದ್ದಂಗ ಐತಲ್ಲ?” ಎಂದರೆ ಅಕ್ಕ ತಲೆದೂಗುತ್ತಿದ್ದಳು. ನಮ್ಮ ಕಡೆ ಮೊದಲು ಜೋಳವನ್ನು ನೆಲದೊಳಗಿನ ಕುಣಿಯಲ್ಲಿ ತುಂಬಿಡುತ್ತಿದ್ದರು, ಅದು ಹಗೇವು. ಅವರೂ ನೆಲದೊಳಗೆ ಏನನ್ನೋ ಬಚ್ಚಿಡುತ್ತಾರೆ. ಚಳಿಗಾಲ ಎಲ್ಲ ಕಡೆಯೂ ಮನುಷ್ಯನಿಗೆ ಅದನ್ನೇ ಕಲಿಸುತ್ತದೆ.

ನಮ್ಮ ಚಳಿಗಾಲ ಎಷ್ಟರದು! ತುಟಿ ಒಡೆಯುವುದು, ಹಿಮ್ಮಡಿ ಬಿರಿಯುವುದು, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು. ಬಾಟಲಿಯನ್ನು ಬಿಸಿಲಿಗಿಟ್ಟು ಅದು ಕರಗುವವರೆಗೆ ಕಾಯುತ್ತ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುವುದು. ಹಿಮವನ್ನು ನಾನು ಕಂಡದ್ದು ಐಸ್‌ಕ್ಯಾಂಡಿ ಡಬ್ಬಿಯ ಗೋಡೆಗೆ ಅಂಟಿದ್ದು ಮಾತ್ರ. ಸಣ್ಣವನಿದ್ದಾಗ ಅದನ್ನು ಉಗುರಿನಿಂದ ಕೆರೆದು ತಿಂದು ಒಂದು ವಾರ ಗಂಟಲು ಕಟ್ಟಿಸಿಕೊಂಡು, ಬಂದ ಮಾತನ್ನೂ ಕಳೆದುಕೊಂಡಿದ್ದೆ. ಆಗ ಅಕ್ಕ ತನ್ನ ಶ್ರಮವೆಲ್ಲ ನೀರುಪಾಲಾಯಿತೆಂದು ಅತ್ತಿದ್ದಳಂತೆ. ನೋಡಿ, ಎಲ್ಲಿಗೋ ಹೋದೆ.

ಒಂದು ಪುಟ ಅಕ್ಕನಿಗೆ ಬಹಳ ಮೆಚ್ಚಿಕೆಯದು. ಹೆಪ್ಪುಗಟ್ಟಿದ ಬಯಲು; ಅದರ ಮೇಲೆ ಮಕ್ಕಳು ಮಣೆಯಂಥ ಹಲಗೆಯ ಮೇಲೆ ಕೂತು ಎರಡು ಕೋಲಿನಿಂದ ತಳ್ಳಿಕೊಂಡು ಜಾರುತ್ತಿದ್ದಾರೆ. ಮೊದಲ ಸಲ ನೋಡಿದಾಗ ಅಕ್ಕ ಎಡಗೈಯ ಬೆರಳನ್ನು ಚಿತ್ರದ ಒಂದು ಮೂಲೆಗೆ ಒತ್ತಿ, “ಅಂದ್ರ! ಅಂದ್ರ!” ಎಂದಳು. ಬಾಗಿ ನೋಡಿದೆ. ಮಂಜುಗಡ್ಡೆಯಿಂದ ಸಣ್ಣ ಸಣ್ಣ ಮೋಟುಗಳು ಸಾಲಾಗಿ ತಲೆಯೆತ್ತಿದ್ದವು. ಭತ್ತದ ಕೂಳೆ! ಅದು ಗದ್ದೆ. ಕೊಯ್ಲಾದ ಗದ್ದೆಯಲ್ಲಿ ನೀರು ನಿಂತು ಹೆಪ್ಪುಗಟ್ಟಿದೆ. ಹಾನಗಲ್ಲ ಕಡೆಯ ಗದ್ದೆಯಲ್ಲಿ ಕೂಳೆ ಚುಚ್ಚಿಸಿಕೊಂಡು ಬೆಳೆದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವಿಬ್ಬರೂ ಆ ಪುಟವನ್ನು ಬಹಳ ಹೊತ್ತು ನೋಡಿದೆವು.

ಇನ್ನೊಂದರಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು. ಒಬ್ಬಳು ಬೀಸುವ ಕಲ್ಲಿನ ಮೇಲುಹೋಳಿನಂಥ, ಹಿಡಿಕೆಯಿರುವ ಗುಂಡುಕಲ್ಲನ್ನು ಮಂಜುಗಡ್ಡೆಯ ಮೇಲೆ ತಳ್ಳಿ ಬಿಟ್ಟಿದ್ದಾಳೆ. ಇಬ್ಬರು ಅದರ ಮುಂದೆ ಮುಂದೆ ಓಡುತ್ತ ಕಸಬರಿಗೆಯಿಂದ ನೆಲ ಗುಡಿಸುತ್ತಿದ್ದಾರೆ. ಮೈಮೇಲೆ ದೆವ್ವ ಬಂದವರ ಹಾಗೆ ಗುಡಿಸುತ್ತಿದ್ದಾರೆ. ಕಾಗದ ಅಂಟಿಸುವ ಮೊದಲು ಓದಿದ್ದೆ, ಇದು ಲೋಕವೇ ಕೂತು ನೋಡುವ ಆಟವಂತೆ. “ಶೈಲಾ, ಬಾ ಇಲ್ಲೆ, ನಿನಗೂ ಮೆಡಲ್ ಸಿಗತಿತ್ತು ನೋಡು” ಎಂದೆ. ಶೈಲಾ ಕಸಬರಿಗೆ ಹಿಡಿದೇ ಬಂದು ನೋಡಿದಳು. ಅಕ್ಕ ನಕ್ಕಳು. ಬಾಯಿ ಸೊಟ್ಟಗಾಗಿ, ಭುಜ ಅಲುಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನಗೆ ಗೆದ್ದಂತಾಯಿತು. ಮಾತು ಇಲ್ಲದಿದ್ದರೇನು ಎನಿಸಿತು. ಬದನೆಕಾಯಿ, ಆಕಳು ದಿವಾನದ ಕೆಳಗೆ ಹೋದವು.

ಹುಬ್ಬಳ್ಳಿಗೂ ಹೋಗಲಿಲ್ಲ. ಒಂದು ಸಲ ಕಾಲೇಜಿನ ಪರೀಕ್ಷೆ, ಒಂದು ಸಲ ಮಳೆ, ಇನ್ನೊಂದು ಸಲ ಅಕ್ಕನ ಕಾಲುನೋವು. ಕಾರಣಕ್ಕೆ ನನ್ನಲ್ಲಿ ಬರಗಾಲವಿರಲಿಲ್ಲ. ತಜ್ಞೆ ಎರಡು ಸಲ ಫೋನು ಮಾಡಿದರು. “ಮನ್ಯಾಗ ಮಾಡಸಾಕತ್ತೇವ್ರಿ” ಎಂದೆ.

ನನ್ನ ಮಗಳ ವಿಷಯ ಇಲ್ಲಿ ಬರುತ್ತದೆ. ನೇತ್ರಾ ಆಗ ಪಿಯುಸಿ ಎರಡನೇ ವರ್ಷ. ಅವಳ ವಯಸ್ಸಿನ ಎಲ್ಲರಂತೆ ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡುವವಳು. ಅವರ ಅಕ್ಷರಗಳನ್ನೂ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ತಿದ್ದಿ ಕಲಿತಿದ್ದಳು. ಸ್ಪೀಕರು ಹಚ್ಚಿ ನೋಡಬೇಡ ಎಂದು ದಿನಾ ಬೈಸಿಕೊಳ್ಳುತ್ತಿದ್ದಳು. ಒಂದು ಸಂಜೆ ನಾನು ಮನೆಗೆ ಬಂದಾಗ ಅವಳು ದಿವಾನದ ಮೇಲೆ ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ಗಡಿಗೆಗಳ ಪುಟ. ಅಂಟಿಸಿದ ಕಾಗದವನ್ನು ಉಗುರಿನಿಂದ ಕಿತ್ತಿದ್ದಳು.

“ಅತ್ತಿ, ಇದರಾಗ ಇರೂದು ಕಿಮ್ಚಿ. ನಮ್ಮ ಉಪ್ಪಿನಕಾಯಿ ಇದ್ದಂಗ. ಕಿಮ್... ಹೇಳ್ರಿ ನೋಡೂಣು. ತುಟಿ ಹಿಂಗ ಕೂಡಸ್ರಿ. ಕಿಮ್...”

ಅಕ್ಕ ತುಟಿ ಕೂಡಿಸಿದ್ದಳು. ಹಣೆಯಲ್ಲಿ ಬೆವರಿತ್ತು. “ಅಂ...” ಎಂದಳು. “ಅಂ... ಮ್...”

ಬದನೆಕಾಯಿಯ ದಿನಗಳು ತಿರುಗಿ ಬಂದವೆನಿಸಿತು. ಪುಸ್ತಕ ಕಸಿದುಕೊಂಡೆ. “ನಿನಗ ಯಾರು ಹೇಳ್ಯಾರ ಇದನ್ನ ಕೀಳು ಅಂತ? ನಿನ್ನ ಕೊರಿಯಾ ಗಿರಿಯಾ ನಿನ್ನ ಫೋನಿನ್ಯಾಗ ಇಟಕೋ. ಅಕಿಗೆ ತ್ರಾಸ ಕೊಡಬ್ಯಾಡ.”

ನೇತ್ರಾ ಎದ್ದು ನಿಂತಳು. “ನಾ ತ್ರಾಸ ಕೊಡಾಕತ್ತಿಲ್ಲಪ್ಪಾ. ಅತ್ತಿ ತಾನ ತೋರಿಸಿದ್ಲು, ಕಾಗದದ ಕೆಳಗ ಏನೈತಿ ಅಂತ.”

“ಅಕಿ ಏನ್ ತೋರಿಸ್ತಾಳ? ಅಕಿಗೇನು ಗೊತ್ತಾಗತೈತಿ?”

ಆಡಿದ ಮೇಲೆ ನನಗೆ ಕೇಳಿಸಿತು, ನಾನು ಏನಂದೆ ಎಂದು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನೇತ್ರಾ ಮೆಲ್ಲಗೆ, “ನೀ ಅತ್ತಿನ್ನ ಒಮ್ಮಿಯಾದ್ರೂ ಕೇಳೀಯೇನಪ್ಪಾ?” ಎಂದು ಒಳಗೆ ಹೋದಳು. ನಾನು ಆ ಸಂಜೆಯೇ ಹೊಸ ಕಾಗದ ಕತ್ತರಿಸಿ, ಮೊದಲಿಗಿಂತ ಹೆಚ್ಚು ಗೋಂದು ಹಚ್ಚಿ ಅಂಟಿಸಿದೆ. ಆಮೇಲೆ ನೇತ್ರಾ ಸಂಜೆ ಪಡಸಾಲೆಗೆ ಬರುವುದನ್ನು ಬಿಟ್ಟಳು. ಜೂನಿನಲ್ಲಿ ಧಾರವಾಡಕ್ಕೆ ಹೋಗುವಾಗ ಅತ್ತೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ನನಗೆ “ಹೋಗಿ ಬರ್ತೇನಿ” ಎಂದಷ್ಟೇ ಹೇಳಿದಳು.

ಆಷಾಢದಲ್ಲಿ ಅಕ್ಕನ ಬಲಗಾಲು ಬಾತುಕೊಂಡಿತು. ಕಾರಣಗಳು ಮುಗಿದವು, ಹುಬ್ಬಳ್ಳಿಗೆ ಹೋಗಲೇಬೇಕಾಯಿತು. ಕಾಲಿನ ಡಾಕ್ಟರು ನೋಡಿದ ಮೇಲೆ, ಬಂದದ್ದು ಬಂದಿರಿ, ಮಾತಿನ ಮೇಡಮ್ಮರನ್ನೂ ಕಂಡು ಹೋಗಿ ಎಂದರು. ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಎದುರಿನ ಬೆಂಚಿನಲ್ಲಿದ್ದ ಗಂಡ ಹೆಂಡಿರ ಗುರುತು ನನಗೆ ತಡವಾಗಿ ಸಿಕ್ಕಿತು. ಚಿಕ್ಕೇರೂರಿನ ಫಕ್ಕೀರಪ್ಪ, ಹೋದ ವರ್ಷ ಅಕ್ಕ ಬಿದ್ದ ವಾರವೇ ಅವನೂ ಬಿದ್ದು, ಅದೇ ವಾರ್ಡಿನಲ್ಲಿದ್ದ. ಅವನಿಗೂ ಮಾತು ಹೋಗಿತ್ತು. ಆಗ ಅವನದು ‘ಹೋ’ ಎನ್ನುವ ಒಂದೇ ಕೂಗು. ಅವನ ಹೆಂಡತಿ ನೀಲವ್ವ ಅದನ್ನು ಕೇಳಿ ಕೇಳಿ, “ಎತ್ತು ಕರದಂಗ ಕರೀತೈತ್ರಿ ನಮ್ಮ ಮುದುಕ” ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ನನಗೆ ಆಗ ಅದು ಸೇರಿರಲಿಲ್ಲ.

ಫಕ್ಕೀರಪ್ಪ ಅಕ್ಕನನ್ನು ನೋಡಿದ. ಎದ್ದು ಕೋಲೂರಿಕೊಂಡು ಹತ್ತಿರ ಬಂದ. ಬಾಯಿ ಸರಿಮಾಡಿಕೊಂಡು, ಒಂದೊಂದು ಮಾತಿನ ನಡುವೆ ಬಾವಿಗೆ ಇಳಿದು ಹತ್ತಿದಷ್ಟು ಹೊತ್ತು ತೆಗೆದುಕೊಂಡು, “ಅಕ್ಕಾರ... ಆರಾಮ... ಅದೀರಿ?” ಎಂದ.

ಅಕ್ಕ ಅವನ ಬಾಯಿಯನ್ನೇ ನೋಡುತ್ತಿದ್ದಳು. “ಅಂದ್ರ” ಎಂದಳು.

“ಎಷ್ಟು ಮಾತು ಬಂದಾವ್ರಿ?” ಎಂದು ನಾನು ನೀಲವ್ವನನ್ನು ಕೇಳಿದೆ.

“ಇಪ್ಪತ್ತು ಬಂದಾವ ನೋಡ್ರಿ. ಬೈಗಳಾ ಬ್ಯಾರೆ” ಎಂದಳು. “ಪುಸ್ತಕ ಗಿಸ್ತಕ ನಮಗೆಲ್ಲಿಂದ ಬರಬೇಕ್ರಿ. ಕೊಡ ತೋರಿಸಿ ‘ಏನದು’ ಅನ್ನೂದು, ಹೇಳೂ ತನಕ ನೀರು ಕೊಡತಿದ್ದಿಲ್ಲ. ಭಾಳ ಅಳತಿದ್ದರ್ರಿ. ನಾನೂ ಅಳತಿದ್ದೆ. ಅತಗೋಂತನ ಹೇಳಿಸೀನಿ.”

ಒಳಗೆ ಕರೆದರು. ತಜ್ಞೆ ಅಕ್ಕನ ಮುಂದೆ ಕೆಲವು ಚಿತ್ರ ಹಿಡಿದು ನೋಡಿದರು. “ಅಂದ್ರ”, “ಅಂದ್ರ”. ಕಾಗದದಲ್ಲಿ ಏನೋ ಬರೆದುಕೊಂಡರು.

“ಹೊರಗ ಫಕ್ಕೀರಪ್ಪಗ ಬಂದಾವಲ್ರಿ...” ಎಂದೆ.

“ಒಬ್ಬೊಬ್ಬರದು ಒಂದೊಂದು ನಮೂನಿ ಇರತೈತ್ರಿ. ಅವ್ರದು ಪೆಟ್ಟು ಸಣ್ಣದು, ಇವ್ರದು ದೊಡ್ಡದು. ಹೋಲಿಸಬ್ಯಾಡ್ರಿ.” ಆಮೇಲೆ ತಲೆಯೆತ್ತಿ, “ನೀವು ಮನ್ಯಾಗ ದಿನಾ ಮಾಡಿಸೀರಿ ಹೌದಲ್ರಿ?” ಎಂದರು.

“ಹೌದ್ರಿ. ದಿನಾ. ಎರಡು ಸಲ.”

ಅಕ್ಕ ನನ್ನ ಎಡಕ್ಕೆ ಕೂತಿದ್ದಳು. ಅವಳಿಗೆ ಎಲ್ಲವೂ ತಿಳಿಯುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ತಿರುಗಿ ನೋಡಬಾರದು ಎಂದುಕೊಂಡೆ, ನೋಡಿದೆ. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಗಂಗಕ್ಕ ಟೀಚರು ನನ್ನನ್ನು ನೋಡುತ್ತಿದ್ದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟು ಇರಲಿಲ್ಲ. ನನಗಾಗಿ ನಾಚಿಕೊಂಡಂತಿತ್ತು. ಅವಳು ಮೆಲ್ಲಗೆ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು.

ಬಸ್ಸಿನಲ್ಲಿ ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಬಂದಳು. ಹೆದ್ದಾರಿಯ ಲಾರಿಗಳು, ಒದ್ದೆ ಹೊಲಗಳು. ತಡಸ ದಾಟುವವರೆಗೆ ನಾನು ತಡೆದೆ. ಆಮೇಲೆ, “ಅಕ್ಕಾ, ನೀ ಅಳೂದು ನೋಡಾಕ ಆಗಲಿಲ್ಲ ನನಗ” ಎಂದೆ. ಅವಳು ತಿರುಗಲಿಲ್ಲ. ಮನೆಗೆ ಬಂದ ಮೇಲೆ ಸಂಜೆ ಎಂದಿನಂತೆ ಹಿಮದ ಪುಸ್ತಕ ತೆಗೆದೆ. ಅಕ್ಕ ಎಡಗೈಯಿಂದ ಅದನ್ನು ಮುಚ್ಚಿ, ದಿವಾನದ ಅಂಚಿಗೆ ಸರಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಬೆಳಿಗ್ಗೆ, ತಜ್ಞೆ ಹೊಸದಾಗಿ ಕೊಟ್ಟಿದ್ದ ರಟ್ಟಿನ ಚಿತ್ರಗಳ ಕಟ್ಟು ಬಿಚ್ಚಿದೆ. ಮೇಲಿನದು ಒಂದು ಚಮಚ. ಎತ್ತಿ ಹಿಡಿದು, “ಇದೇನಕ್ಕಾ?” ಎಂದೆ.

ಅಕ್ಕ ಎದ್ದು ಕೂತಳು. ಚಿತ್ರ ನೋಡಿದಳು. “ಅಂದ್ರ” ಎಂದಳು, ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಮತ್ತೆ ಶುರುಮಾಡಿದಳು. ನಾಲಿಗೆಯ ತುದಿ ಹಲ್ಲು ಮುಟ್ಟಿತು, ಜಾರಿತು. ಕತ್ತಿನ ನರ ಉಬ್ಬಿತು. ಮೇಲ್ತುಟಿಯ ಮೇಲೆ ಬೆವರು. ಕಣ್ಣಿನಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳಲಿಲ್ಲ. ಐದು ನಿಮಿಷವೋ ಹತ್ತು ನಿಮಿಷವೋ. ನನ್ನಿಂದ ನೋಡಲಾಗಲಿಲ್ಲ. “ಸಾಕು ಬಿಡಕ್ಕಾ, ನಾಳೆ ಮಾಡೂಣು” ಎಂದು ಚಿತ್ರ ಮುಚ್ಚಲು ಹೋದೆ.

ಅವಳ ಎಡಗೈ ನನ್ನ ಕೈಯ ಮೇಲೆ ಬಿತ್ತು. ರಟ್ಟನ್ನು ಹಾಸಿಗೆಗೆ ಒತ್ತಿ ಹಿಡಿಯಿತು.

“ಬ್ಯಾಡ” ಎಂದಳು.

ಒಳಗಿನಿಂದ ಶೈಲಾ, “ಯಾರು ಬಂದಾರ್ರೀ?” ಎಂದು ಕೇಳಿದಳು.

ಇದು ಆಷಾಢದ ಮಾತು. ಈಗ ಕಾರ್ತಿಕ. ಅಲ್ಲಿಂದ ಇಲ್ಲಿಯವರೆಗೆ ಬಂದದ್ದು ಅದೊಂದೇ ಮಾತು. ಮೊದಲೇ ಶುರುಮಾಡಿದ್ದರೆ ಎಷ್ಟು ಬರುತ್ತಿದ್ದವು ಎಂದು ತಜ್ಞೆಯನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಒಳ್ಳೆಯವರು. ನೇತ್ರಾಗೆ ಫೋನು ಮಾಡಿ ಹೇಳಿದೆ, ನಾನು ಏನು ಮಾಡಿದೆ ಎಂದು, ಎಲ್ಲವನ್ನೂ. ಅವಳು, “ಅತ್ತಿಗೆ ಫೋನ್ ಕೊಡಪ್ಪಾ” ಎಂದಳು.

ದಿನಾ ಬೆಳಿಗ್ಗೆ ಏಳೂವರೆಗೆ ಕೂಡುತ್ತೇವೆ. ಅಕ್ಕ ಅಳುತ್ತಾಳೆ. ಕೆಲವು ದಿನ ನಾನೂ ಅಳುತ್ತೇನೆ. ಚಮಚ ಇನ್ನೂ ಬಂದಿಲ್ಲ.